ಸ್ಪ್ಯಾನಿಷ್ ಭಾಷೆಯನ್ನು ಕಲಿಯುವವರ ಕೆಲವು ವ್ಯಾಕರಣಶಂಕೆಗಳು

ವ್ಯಾಕರಣವು ಶಂಕೆಯಿಂದ ಬೆಳೆದ ಶಾಸ್ತ್ರ. ಸೂತ್ರಕಾರನು ನಿಯಮವನ್ನು ಹೇಳಿ ಮುಗಿಸುತ್ತಾನೆ. ಶಿಷ್ಯನು ಎತ್ತುವ ಪ್ರಶ್ನೆಯೇ ಆ ನಿಯಮದ ಬಲಾಬಲವನ್ನು ತೋರಿಸುವ ಒರೆಗಲ್ಲು. ಪತಂಜಲಿಯ ಮಹಾಭಾಷ್ಯವು ಉದ್ದಕ್ಕೂ ಪೂರ್ವಪಕ್ಷ, ಸಮಾಧಾನಗಳಿಂದ ಕೂಡಿರುವುದು ಈ ಕಾರಣದಿಂದಲೇ. ಅನ್ಯಭಾಷೆಯೊಂದನ್ನು ಹೊಸದಾಗಿ ಕಲಿಯುವವರು ಕೇಳುವ ಪ್ರಶ್ನೆಗಳನ್ನು ಇದೇ ದೃಷ್ಟಿಯಿಂದ ನೋಡಿದರೆ, ಆ ಭಾಷೆಯ ಸ್ವರೂಪದ ಜೊತೆಗೆ ನಮ್ಮ ಭಾಷೆಯ ಸ್ವರೂಪವೂ ತಿಳಿದುಬರುತ್ತದೆ.

ಸ್ಪ್ಯಾನಿಷ್ ಭಾಷೆಯು ಲ್ಯಾಟಿನಿನ ಮಗಳು. ಸ್ಪೇನ್ ದೇಶದಲ್ಲಿ ಹುಟ್ಟಿ, ಈಗ ಅಮೆರಿಕಾಖಂಡದ ಬಹುಭಾಗವನ್ನೂ ಸೇರಿಸಿಕೊಂಡು ಇಪ್ಪತ್ತು ದೇಶಗಳಲ್ಲಿ ರಾಜ್ಯಭಾಷೆಯಾಗಿದೆ. ಕನ್ನಡನಾಡಿನಲ್ಲಿಯೂ ಇದನ್ನು ಕಲಿಯುವ ತರುಣರು ಇದ್ದಾರೆ. ಅವರು ಸಾಮಾನ್ಯವಾಗಿ ಕಲಿಯುವುದು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳಿಂದ. ಇಂಗ್ಲಿಷ್ ಬಲ್ಲವನಿಗೆ ಯಾವುದು ಕಠಿನವೋ ಅದನ್ನೇ ಕಠಿನವೆಂದೂ, ಅವನಿಗೆ ಯಾವ ಉಪಾಯ ಸುಲಭವೋ ಅದನ್ನೇ ನಿಯಮವೆಂದೂ ಆ ಪುಸ್ತಕಗಳು ಹೇಳುತ್ತವೆ. ಹೀಗಿರಲಾಗಿ, ಕನ್ನಡಿಗನು ತನ್ನ ಮನೆಯಲ್ಲಿಯೇ ಇರುವ ವಸ್ತುವನ್ನು ಪರರ ಅಂಗಡಿಯಿಂದ, ಅದೂ ಮುರುಕಾಗಿ, ಕೊಂಡು ತರುವಂತಾಗಿದೆ. ಪದೇ ಪದೇ ಕೇಳಿಬರುವ ಆರು ಶಂಕೆಗಳನ್ನು ಎತ್ತಿಕೊಂಡು, ಕನ್ನಡ ಸಂಸ್ಕೃತ ವ್ಯಾಕರಣಗಳ ಬೆಳಕಿನಲ್ಲಿ ಅವುಗಳಿಗೆ ಸಮಾಧಾನ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಆ ಭಾಷೆಯ ವ್ಯಾಕರಣದ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬೇಕು. ಆಂತೋನಿಯೊ ದೆ ನೆಬ್ರಿಹಾ ಎಂಬ ಲ್ಯಾಟಿನ್ ಪಂಡಿತನು ೧೪೯೨ರಲ್ಲಿ ಕಾಸ್ತಿಲಿಯನ್ ಭಾಷೆಗೆ, ಎಂದರೆ ಸ್ಪ್ಯಾನಿಷಿಗೆ, ವ್ಯಾಕರಣವನ್ನು ಬರೆದು ರಾಣಿ ಇಸಬೆಲಳಿಗೆ ಅರ್ಪಿಸಿದನು. ಅವನು ಅದಕ್ಕೆ ಮೊದಲು, ೧೪೮೧ರಲ್ಲಿ, ಲ್ಯಾಟಿನಿಗೆ ಪಾಠಗ್ರಂಥವನ್ನು ಬರೆದಿದ್ದವನು. ಆದುದರಿಂದ ಲ್ಯಾಟಿನಿನ ಅಚ್ಚು ಅವನ ಕೈಯಲ್ಲಿ ಸಿದ್ಧವಾಗಿತ್ತು. ನಮ್ಮ ಭಟ್ಟಾಕಳಂಕದೇವನು ೧೬೦೪ರಲ್ಲಿ ಕನ್ನಡಕ್ಕೆ ಸಂಸ್ಕೃತಸೂತ್ರಗಳಿಂದ ಶಬ್ದಾನುಶಾಸನವನ್ನು ರಚಿಸಿದುದನ್ನು ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಸ್ಪೇನಿನ ರಾಜಕೀಯ ಭಾಷಾಪರಿಷತ್ತು ೧೭೧೩ರಲ್ಲಿ ಸ್ಥಾಪಿತವಾಗಿ ೧೭೭೧ರಲ್ಲಿ ತನ್ನ ಮೊದಲ ವ್ಯಾಕರಣವನ್ನು ಪ್ರಕಟಿಸಿತು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿ ದೇಶದಲ್ಲಿ ನೆಲೆಸಿದ ಆಂದ್ರೆಸ್ ಬೆಲ್ಯೊ ಎಂಬ ವಿದ್ವಾಂಸನು ೧೮೪೭ರಲ್ಲಿ ಅಮೆರಿಕದವರ ಉಪಯೋಗಕ್ಕಾಗಿ ಬರೆದ ವ್ಯಾಕರಣದಲ್ಲಿ, ಭಾಷೆಯನ್ನು ಅದರ ಪ್ರಯೋಗದಿಂದಲೇ ಅಳೆಯಬೇಕು, ಲ್ಯಾಟಿನಿನ ಅಳತೆಗೋಲಿನಿಂದಲ್ಲ, ಎಂದು ವಾದಿಸಿದನು. ಮುಂದಿನ ವಿಚಾರಕ್ಕೆ ಈ ಮಾತೇ ದಾರಿದೀಪ.

ಲಿಪ್ಯಂತರದ ವಿಷಯದಲ್ಲಿ ಒಂದು ಸೂಚನೆ. ಆ ಭಾಷೆಯಲ್ಲಿ ವಕಾರವೆಂದು ತೋರುವ ಅಕ್ಷರವನ್ನೂ ಬಕಾರದಂತೆಯೇ ಉಚ್ಚರಿಸುವುದರಿಂದ ಇಲ್ಲಿ ಎರಡನ್ನೂ ಬಕಾರದಿಂದಲೇ ಬರೆದಿದೆ. ಉಳಿದಂತೆ ಅಮೆರಿಕದ ಉಚ್ಚಾರವನ್ನು ಅನುಸರಿಸಿದೆ.

೧. ‘ಇರು’ ಎಂಬರ್ಥಕ್ಕೆ ಎರಡು ಧಾತುಗಳೇಕೆ?

ಸ್ಪ್ಯಾನಿಷಿನಲ್ಲಿ ‘ಸೆರ್’ ‘ಎಸ್ತಾರ್’ ಎಂಬ ಎರಡು ಧಾತುಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ. ಇವುಗಳ ಭೇದವೇನೆಂದು ಕೇಳದ ವಿದ್ಯಾರ್ಥಿಯೇ ಇಲ್ಲ. ಪಾಠಪುಸ್ತಕಗಳು ಸಾಮಾನ್ಯವಾಗಿ ಕೊಡುವ ಉತ್ತರವೇನೆಂದರೆ— ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂದು. ಈ ಉತ್ತರವು ನಿಲ್ಲುವುದಿಲ್ಲ. ‘ಅವನು ಸತ್ತಿದ್ದಾನೆ’ ಎಂಬುದಕ್ಕೆ ‘ಎಸ್ತಾ ಮುಯೆರ್ತೊ’ ಎಂದು ಎಸ್ತಾರನ್ನೇ ಪ್ರಯೋಗಿಸುತ್ತಾರೆ; ಮರಣಕ್ಕಿಂತ ಶಾಶ್ವತವಾದುದು ಯಾವುದು? ‘ಮದ್ರಿದ್ ನಗರವು ಸ್ಪೇನಿನಲ್ಲಿದೆ’ ಎಂಬಲ್ಲಿಯೂ ಎಸ್ತಾರೇ. ನಗರವು ನಾಳೆ ಎದ್ದು ಹೋಗುವುದಿಲ್ಲ. ಇದಕ್ಕೆ ವಿರುದ್ಧವಾಗಿ ‘ಅವನು ತರುಣ’ ಎಂಬುದಕ್ಕೆ ‘ಎಸ್ ಹೋಬೆನ್’ ಎಂದು ಸೆರ್ ಬರುತ್ತದೆ. ತಾರುಣ್ಯವಾದರೋ ನಾಲ್ಕು ದಿನದ್ದು. ಹೀಗೆ ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ ಎರಡು ದೋಷಗಳೂ ಬರುತ್ತವೆ.

ನಿಜವಾದ ಭೇದವು ಕಾಲದಲ್ಲಿಲ್ಲ, ಸಂಬಂಧದಲ್ಲಿದೆ. ವಸ್ತುವು ಏನು, ಎಂತಹುದು, ಯಾವ ವರ್ಗಕ್ಕೆ ಸೇರಿದುದು ಎಂದು ಸ್ವರೂಪವನ್ನು ನಿರ್ದೇಶಿಸುವಾಗ ಸೆರ್. ವಸ್ತುವು ಯಾವ ಅವಸ್ಥೆಯಲ್ಲಿ ಅಥವಾ ಯಾವ ಸ್ಥಾನದಲ್ಲಿ ಕಂಡುಬರುತ್ತದೆ ಎಂದು ಹೇಳುವಾಗ ಎಸ್ತಾರ್. ಮರಣವು ಜೀವಿಗೆ ಒದಗಿದ ಅವಸ್ಥೆ, ಆದುದರಿಂದ ಎಸ್ತಾರ್. ತಾರುಣ್ಯದಿಂದ ಮನುಷ್ಯನನ್ನು ಒಂದು ವರ್ಗಕ್ಕೆ ಸೇರಿಸುತ್ತೇವೆ, ಆದುದರಿಂದ ಸೆರ್. ‘ಬೆರ್ದೆ’ ಎಂದರೆ ಹಸುರು. ಅದರೊಡನೆ ಸೆರ್ ಬಂದರೆ ಹಣ್ಣು ಹಸುರುಬಣ್ಣದ ಜಾತಿಯದೆಂದೂ, ಎಸ್ತಾರ್ ಬಂದರೆ ಇನ್ನೂ ಕಾಯಿಯಾಗಿದೆಯೆಂದೂ ಅರ್ಥ. ‘ಲಿಸ್ತೊ’ ಎಂಬ ವಿಶೇಷಣಕ್ಕೆ ಸೆರ್ ಸೇರಿದರೆ ಜಾಣ, ಎಸ್ತಾರ್ ಸೇರಿದರೆ ಸಿದ್ಧನಾಗಿರುವವನು.

ಕನ್ನಡಿಗನಿಗೆ ಈ ಭೇದ ಹೊಸದಲ್ಲ. ‘ಅವರು ವೈದ್ಯರು’ ಎನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. ‘ಅವರು ಮನೆಯಲ್ಲಿದ್ದಾರೆ’, ‘ಅವರು ಚೆನ್ನಾಗಿದ್ದಾರೆ’ ಎನ್ನುವಾಗ ‘ಇರು’ ಧಾತುವು ಬಂದೇ ಬರುತ್ತದೆ. ಕ್ರಿಯಾಪದವಿಲ್ಲದ ವಾಕ್ಯದ ಸ್ಥಾನದಲ್ಲಿ ಬಹುಮಟ್ಟಿಗೆ ಸೆರ್, ‘ಇರು’ ಬರುವಲ್ಲಿ ಬಹುಮಟ್ಟಿಗೆ ಎಸ್ತಾರ್ ಎಂದು ಹಿಡಿದರೆ ಆರಂಭಕ್ಕೆ ಸಾಕು. ‘ಬಹುಮಟ್ಟಿಗೆ’ ಎಂಬ ಮಾತನ್ನು ಮರೆಯಬಾರದು. ಉತ್ಸವವು ನಮ್ಮ ಮನೆಯಲ್ಲಿ ಎಂದು ಹೇಳುವಾಗ, ಸ್ಥಾನವಾಚಕವಿದ್ದರೂ, ಸೆರ್ ಬರುತ್ತದೆ. ಅಲ್ಲಿ ಅದಕ್ಕೆ ‘ನಡೆಯುವುದು’ ಎಂಬ ಅರ್ಥ. ಪುಸ್ತಕವು ಮನೆಯಲ್ಲಿದೆ ಎನ್ನುವಾಗ ಎಸ್ತಾರ್.

ಸಂಸ್ಕೃತಜ್ಞರಿಗೆ ಇನ್ನೊಂದು ಸಂತೋಷ. ಸೆರ್ ಧಾತುವಿನ ‘ಎಸ್’ ಎಂಬ ರೂಪವು ನಮ್ಮ ‘ಅಸ್ತಿ’ಯ ಬಂಧು. ‘ಸೆರ್’ ಎಂಬ ಭಾವರೂಪವು ಕುಳಿತುಕೊಳ್ಳುವುದೆಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಅದಕ್ಕೆ ನಮ್ಮಲ್ಲಿ ‘ಸದ್’ ಧಾತುವು ಜ್ಞಾತಿ. ಎಸ್ತಾರಿಗೆ ಮೂಲವಾದ ಲ್ಯಾಟಿನ್ ಧಾತುವು ನಮ್ಮ ‘ಸ್ಥಾ’. ಎಸ್ತಾರ್ ಎಂದರೆ ಮೂಲದಲ್ಲಿ ನಿಂತಿರುವುದು. ಅವಸ್ಥೆ, ಸ್ಥಾನ, ಸ್ಥಿತಿ ಎಂಬ ನಮ್ಮ ಶಬ್ದಗಳೂ ಆ ಧಾತುವಿನಿಂದಲೇ ಆದುವು. ನಿಯಮವನ್ನು ನೆನಪಿಡಲು ಇದಕ್ಕಿಂತ ಬೇರೆ ಉಪಾಯ ಬೇಕಾಗಿಲ್ಲ.

೨. ‘ಗುಸ್ತಾರ್’ ಧಾತುವಿನ ಕರ್ತೃ ಯಾರು?

‘ಮೆ ಗುಸ್ತಾ ಎಲ್ ಮಾಂಗೊ’ ಎಂದರೆ ‘ನನಗೆ ಮಾವಿನಹಣ್ಣು ಇಷ್ಟ’. ಹಣ್ಣುಗಳು ಬಹುವಚನದಲ್ಲಿದ್ದರೆ ‘ಮೆ ಗುಸ್ತಾನ್ ಲೊಸ್ ಮಾಂಗೊಸ್’ ಎಂದು ಕ್ರಿಯಾಪದವೂ ಬಹುವಚನವಾಗುತ್ತದೆ. ಇಷ್ಟಪಡುವವನು ಒಬ್ಬನೇ ಆಗಿರಲು ಕ್ರಿಯಾಪದವು ಬಹುವಚನವಾದುದು ಹೇಗೆ ಎಂದು ವಿದ್ಯಾರ್ಥಿಯು ಬೆರಗಾಗುತ್ತಾನೆ. ವಾಕ್ಯವೇ ತಲೆಕೆಳಗಾಗಿದೆ ಎಂದು ಪುಸ್ತಕವೂ ಹೇಳುತ್ತದೆ. ಇಲ್ಲಿ ತಲೆಕೆಳಗಾದುದು ಯಾವುದೂ ಇಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದ ಮೂವತ್ತಮೂರನೆಯ ಸೂತ್ರದಲ್ಲಿ, ರುಚ್ಯರ್ಥಕ ಧಾತುಗಳ ಪ್ರಯೋಗದಲ್ಲಿ ಪ್ರೀತಿಗೊಳ್ಳುವವನಿಗೆ ಸಂಪ್ರದಾನಸಂಜ್ಞೆಯನ್ನು ವಿಧಿಸಿದ್ದಾನೆ. ‘ಬಾಲಕಾಯ ಫಲಂ ರೋಚತೇ’, ‘ಫಲಾನಿ ರೋಚಂತೇ’— ಬಾಲಕನಿಗೆ ಚತುರ್ಥಿ, ಹಣ್ಣು ಕರ್ತೃ, ಕ್ರಿಯೆಯ ವಚನವು ಹಣ್ಣನ್ನು ಅನುಸರಿಸುತ್ತದೆ. ‘ನನಗೆ ಹಣ್ಣು ರುಚಿಸುತ್ತದೆ, ಹಣ್ಣುಗಳು ರುಚಿಸುತ್ತವೆ’ ಎಂಬ ಕನ್ನಡವೂ ಹೀಗೆಯೇ. ‘ಮೆ ದುಯೆಲೆ ಲಾ ಕಬೇಸಾ’ ಎಂಬುದು ‘ನನಗೆ ತಲೆ ನೋಯುತ್ತದೆ’ ಎಂಬುದಕ್ಕೆ ಸರಿಯಾದ ಪ್ರತಿಬಿಂಬ.

‘ಆ ಮೀ ಮೆ ಗುಸ್ತಾ’ ಎಂದು ‘ನನಗೆ’ ಎಂಬುದು ಎರಡು ಸಲ ಬರುವುದಲ್ಲಾ, ಪುನರುಕ್ತಿಯಲ್ಲವೇ ಎಂದು ಇಲ್ಲಿ ಇನ್ನೊಂದು ಶಂಕೆ. ಪುನರುಕ್ತಿಯಲ್ಲ. ‘ಮೆ’ ಎಂಬುದು ನಿತ್ಯ, ‘ಆ ಮೀ’ ಎಂಬುದು ಅವಧಾರಣಾರ್ಥ. ‘ನನಗಂತೂ’ ಎಂಬ ನಮ್ಮ ಮಾತಿನ ಬಲ ಅದಕ್ಕಿದೆ.

ಆದರೆ ಸಾಮ್ಯವನ್ನು ಕಂಡು ಮೈಮರೆಯಬಾರದು. ‘ನನಗೆ ಹಸಿವಾಗಿದೆ’ ಎಂಬಲ್ಲಿ ಸ್ಪ್ಯಾನಿಷಿನವರು ಚತುರ್ಥಿಯನ್ನು ಬಿಟ್ಟು ‘ತೆಂಗೊ ಆಂಬ್ರೆ’, ಎಂದರೆ ‘ನಾನು ಹಸಿವನ್ನು ಹೊಂದಿದ್ದೇನೆ’, ಎನ್ನುತ್ತಾರೆ. ಬಂಧುವಿನ ಮನೆಯಾದರೂ ಅಲ್ಲಿಯ ಪದ್ಧತಿ ಅಲ್ಲಿಯದೇ.

೩. ಕರ್ಮಕ್ಕೆ ‘ಆ’ ಎಂಬ ಉಪಪದವೇಕೆ?

‘ಬೇಒ ಲಾ ಕಾಸಾ’ ಎಂದರೆ ಮನೆಯನ್ನು ನೋಡುತ್ತೇನೆ. ‘ಬೇಒ ಆ ಮರೀಯಾ’ ಎಂದರೆ ಮರೀಯಳನ್ನು ನೋಡುತ್ತೇನೆ. ಎರಡೂ ಕರ್ಮಗಳೇ ಆಗಿರಲು ಎರಡನೆಯದಕ್ಕೆ ಮಾತ್ರ ‘ಆ’ ಎಂಬುದೇಕೆ? ಮನುಷ್ಯವಾಚಕಕ್ಕೆ ‘ಆ’ ಬರುತ್ತದೆ ಎಂಬುದು ಪ್ರಸಿದ್ಧವಾದ ಉತ್ತರ, ಇದು ಅರ್ಧಸತ್ಯ. ‘ಬುಸ್ಕೊ ಆ ಉನ್ ಮೆದಿಕೊ’ ಎಂದರೆ ಗೊತ್ತಾದ ಒಬ್ಬ ವೈದ್ಯರನ್ನು ಹುಡುಕುತ್ತಿದ್ದೇನೆ ಎಂದರ್ಥ. ‘ಬುಸ್ಕೊ ಉನ್ ಮೆದಿಕೊ’ ಎಂದರೆ ಯಾರಾದರೂ ಸರಿ, ವೈದ್ಯರೊಬ್ಬರು ಬೇಕು ಎಂದರ್ಥ. ಆದುದರಿಂದ ಸಚೇತನತ್ವ, ನಿರ್ದಿಷ್ಟತ್ವ ಇವೆರಡೂ ಕೂಡಿದಲ್ಲಿ ‘ಆ’ ಬರುವುದೆಂದು ಹೇಳಬೇಕು. ತಾನು ಸಾಕಿದ ನಾಯಿಯ ಮೇಲಣ ಪ್ರೀತಿಯನ್ನು ಹೇಳುವಾಗಲೂ ‘ಆ’ ಬರುತ್ತದೆ. ‘ನನಗೆ ಒಬ್ಬ ಮಗನಿದ್ದಾನೆ’ ಎಂಬರ್ಥದ ‘ತೆಂಗೊ ಉನ್ ಈಹೊ’ ಎಂಬಲ್ಲಿ ಬರುವುದಿಲ್ಲ.

ಈಗ ನಮ್ಮ ಮಾತನ್ನು ನೋಡೋಣ. ‘ಆಳು ಹುಡುಕುತ್ತಿದ್ದೇನೆ’ ಎಂದರೆ ಕೆಲಸಕ್ಕೆ ಯಾರಾದರೊಬ್ಬ ಆಳು ಬೇಕಾಗಿದೆ. ‘ಆಳನ್ನು ಹುಡುಕುತ್ತಿದ್ದೇನೆ’ ಎಂದರೆ ಇದ್ದ ಆಳು ಎಲ್ಲಿಯೋ ಹೋಗಿದ್ದಾನೆ. ‘ಹೆಣ್ಣು ನೋಡಲು ಹೋದರು’ ಎಂಬುದಕ್ಕೂ ‘ಹೆಣ್ಣನ್ನು ನೋಡಿದರು’ ಎಂಬುದಕ್ಕೂ ಇರುವ ಅಂತರ ಯಾರಿಗೆ ತಿಳಿಯದು? ಮನೆ, ಮರ, ನೀರು ಮುಂತಾದ ಅಚೇತನಗಳಲ್ಲಿ ‘ಮರ ಕಡಿದನು’, ‘ನೀರು ತಂದಳು’ ಎಂದು ದ್ವಿತೀಯೆಯ ಪ್ರತ್ಯಯವನ್ನು ಸುಲಭವಾಗಿ ಬಿಡುತ್ತೇವೆ. ‘ರಾಮ ಕರೆದೆನು’ ಎಂದು ಯಾರೂ ಹೇಳುವುದಿಲ್ಲ. ಎಷ್ಟೋ ಸಾವಿರ ಮೈಲಿಗಳ ದೂರದಲ್ಲಿ, ಬೇರೆ ಕುಲದ ಭಾಷೆಯೊಂದರಲ್ಲಿ, ಇದೇ ಎರಡು ಕಾರಣಗಳು ಇದೇ ಕಾರ್ಯವನ್ನು ಮಾಡುತ್ತಿರುವುದು ಆಶ್ಚರ್ಯಕರವಾಗಿದೆ. ಒಂದು ಭೇದವುಂಟು: ಸ್ಪ್ಯಾನಿಷಿನ ಈ ‘ಆ’ ಎಂಬುದು ಚತುರ್ಥಿಗೆ ಬರುವ ‘ಆ’ ಎಂಬುದೇ, ನಮ್ಮಲ್ಲಿ ‘ಅನ್ನು’ ಬೇರೆ, ‘ಗೆ’ ಬೇರೆ.

೪. ಭೂತಕಾಲಗಳ ಭೇದ

ಮಳೆ ಬಂತು ಎಂಬರ್ಥಕ್ಕೆ ‘ಯೊಬಿಯೊ’ ಎಂದೂ, ಮಳೆ ಬರುತ್ತಿತ್ತು ಎಂಬರ್ಥಕ್ಕೆ ‘ಯೊಬೀಯಾ’ ಎಂದೂ ಎರಡು ರೂಪಗಳಿವೆ. ಬೇಗ ಮುಗಿದುದಕ್ಕೆ ಮೊದಲನೆಯದು, ಬಹುಕಾಲ ನಡೆದುದಕ್ಕೆ ಎರಡನೆಯದು ಎಂದು ಕೆಲವರು ಕಲಿಸುತ್ತಾರೆ. ಇದೂ ತಪ್ಪು. ‘ಎಂಬತ್ತು ವರ್ಷ ಬದುಕಿದನು’ ಎಂಬಲ್ಲಿ ಕಾಲವು ದೀರ್ಘವಾದರೂ ಸ್ಪ್ಯಾನಿಷಿನಲ್ಲಿ ಮೊದಲನೆಯ ರೂಪವೇ ಬರುತ್ತದೆ. ಏಕೆಂದರೆ ಅಲ್ಲಿ ಕ್ರಿಯೆಯನ್ನು ಆದ್ಯಂತವಾಗಿ, ಒಂದು ಇಡಿಯಾಗಿ ನೋಡಿದೆ. ಕ್ರಿಯೆಯ ಒಳಗೆ ನಿಂತು, ಅದರ ಕೊನೆಯನ್ನು ಗಣಿಸದೆ ನೋಡಿದರೆ ಎರಡನೆಯದು. ‘ಕೊನೊಸಿ ಆ ಮರೀಯಾ’ ಎಂದರೆ ಮರೀಯಳ ಪರಿಚಯವಾಯಿತು. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು. ಇವೆರಡನ್ನೂ ತಿಳಿಸಲು ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಧಾತುಗಳು ಬೇಕಾಗುತ್ತವೆ. ನಮಗೆ ‘ಆಯಿತು’ ‘ಇತ್ತು’ ಎಂಬ ಭೇದವೇ ಸಾಕು.

ಇವುಗಳಲ್ಲದೆ ‘ಎ ಕೊಮೀದೊ’, ಎಂದರೆ ‘ಉಂಡಿದ್ದೇನೆ’ ಎಂಬ ಸಮಸ್ತರೂಪವೂ ಉಂಟು. ಸ್ಪೇನಿನ ಬಹುಭಾಗದಲ್ಲಿ ಇಂದು ಉಂಡುದಕ್ಕೆ ಈ ರೂಪವನ್ನೂ, ನಿನ್ನೆ ಉಂಡುದಕ್ಕೆ ‘ಕೊಮಿ’ ಎಂಬುದನ್ನೂ ಹೇಳುತ್ತಾರೆ. ಅಮೆರಿಕದ ಬಹುಭಾಗದಲ್ಲಿ ಎರಡಕ್ಕೂ ‘ಕೊಮಿ’ ಎಂಬುದೇ ರೂಢಿ. ಇಂದು ನಿನ್ನೆಗಳಿಗೆ ಬೇರೆ ಬೇರೆ ಲಕಾರಗಳೇ ಎಂದು ವಿದ್ಯಾರ್ಥಿಯು ನಗುತ್ತಾನೆ. ಪಾಣಿನಿಯನ್ನು ಓದಿದವನು ನಗಲಾರನು. ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಭೂತಸಾಮಾನ್ಯಕ್ಕೆ ಲುಙನ್ನು ಹೇಳಿ, ಒಡನೆಯೇ ಇಂದಿನದಲ್ಲದ ಭೂತಕ್ಕೆ ಲಙನ್ನು ವಿಧಿಸಿದೆ. ಆದಕಾರಣ ಇಂದಿನ ಭೂತಕ್ಕೆ ಲುಙ್ಙೇ ಉಳಿಯುತ್ತದೆ. ಕಾವ್ಯಗಳಲ್ಲಿ ಈ ಭೇದವು ಅಳಿದುಹೋಗಿ ಲಕಾರಗಳು ಬೆರೆತುವು; ಅಮೆರಿಕದ ಸ್ಪ್ಯಾನಿಷಿನಲ್ಲಿಯೂ ಇಂದು ನಿನ್ನೆಗಳ ಗಡಿಯಿಲ್ಲ. ಅನದ್ಯತನವೆಂಬುದು ವೈಯಾಕರಣರ ಕಲ್ಪನೆಯೆಂದು ಸಂದೇಹಿಸುವವರಿಗೆ, ಅದು ಇಂದಿಗೂ ಬೀದಿಯ ಮಾತಿನಲ್ಲಿ ಬದುಕಿರುವ ದೇಶವೊಂದುಂಟು ಎಂದು ತೋರಿಸಬಹುದು.

೫. ಸಂಶಯವಿಲ್ಲದಲ್ಲಿಯೂ ಸಂಭಾವನಾರೂಪವೇಕೆ?

‘ನೀನು ಬರಲೆಂದು ಬಯಸುತ್ತೇನೆ’ ಎಂಬುದಕ್ಕೆ ‘ಕಿಯೆರೊ ಕೆ ಬೆಂಗಾಸ್’ ಎನ್ನುವರು; ಬರುವುದನ್ನು ನಿಶ್ಚಯವಾಗಿ ಹೇಳುವ ‘ಬಿಯೆನೆಸ್’ ಎಂಬ ರೂಪವು ಇಲ್ಲಿ ಸಲ್ಲದು. ವೇದದ ಲೇಟ್, ಲೋಕದ ಲಿಙ್ ಇವುಗಳನ್ನು ಬಲ್ಲವರಿಗೆ ಇದು ಸುಲಭ. ‘ಅವನು ಬರುವನೆಂದು ನಂಬಿದ್ದೇನೆ’ ಎಂಬಲ್ಲಿ ನಿಶ್ಚಯರೂಪ. ‘ನಂಬುವುದಿಲ್ಲ’ ಎಂದೊಡನೆ ಸಂಭಾವನಾರೂಪ. ಇಚ್ಛೆ, ಸಂಶಯ, ನಿಷೇಧ ಇವುಗಳಲ್ಲಿ ಈ ರೂಪವೆಂದು ಪುಸ್ತಕಗಳು ಪಟ್ಟಿ ಕೊಡುತ್ತವೆ.

ಆದರೆ ‘ನೀನು ಬರುವುದು ನನಗೆ ಸಂತೋಷ’ ಎಂಬಲ್ಲಿಯೂ ‘ಮೆ ಅಲೇಗ್ರಾ ಕೆ ಬೆಂಗಾಸ್’ ಎಂದು ಅದೇ ರೂಪ ಬರುತ್ತದೆ. ಬರುವುದು ನಿಶ್ಚಿತ, ಸಂಶಯವೆಲ್ಲಿ? ಇಲ್ಲಿ ಮೀಮಾಂಸಕರ ವಿಭಾಗವು ಸಹಾಯಕ್ಕೆ ಬರುತ್ತದೆ. ವಾಕ್ಯದಲ್ಲಿ ಹೊಸದಾಗಿ ತಿಳಿಸುವುದು ವಿಧೇಯ. ತಿಳಿದುದನ್ನು ಎತ್ತಿ ಹೇಳುವುದು ಅನುವಾದ. ಪೂರ್ವೋಕ್ತ ವಾಕ್ಯದಲ್ಲಿ ವಿಧೇಯವಾದುದು ಸಂತೋಷ, ಬರುವುದು ಅನುವಾದ್ಯ. ವಕ್ತೃವು ತಾನೇ ಹೊಣೆಹೊತ್ತು ಪ್ರತಿಪಾದಿಸುವ ಅರ್ಥಕ್ಕೆ ನಿಶ್ಚಯರೂಪ, ಪ್ರತಿಪಾದಿಸದೆ ಬಯಕೆಗೋ ಸಂದೇಹಕ್ಕೋ ಅಭಿಪ್ರಾಯಕ್ಕೋ ವಿಷಯವಾಗಿ ಮಾತ್ರ ಎತ್ತುವ ಅರ್ಥಕ್ಕೆ ಸಂಭಾವನಾರೂಪ ಎಂದು ಹಿಡಿದರೆ ಉದ್ದವಾದ ಪಟ್ಟಿಗಳ ಬಹುಭಾಗವು ಒಂದು ಸೂತ್ರದಲ್ಲಿ ಅಡಗುತ್ತದೆ.

ಮೂರನೆಯ ಶಂಕೆಯ ವೈದ್ಯನನ್ನು ಮತ್ತೆ ಕರೆಯೋಣ. ‘ಬುಸ್ಕೊ ಉನ್ ಮೆದಿಕೊ ಕೆ ಸೆಪಾ ಕನ್ನಡ’ ಎಂದರೆ ಕನ್ನಡ ಬಲ್ಲ ವೈದ್ಯರು ಯಾರಾದರೂ ಇದ್ದರೆ ಬೇಕು. ಅಂಥವರು ಇರುವರೆಂದು ವಕ್ತೃವು ಹೇಳುತ್ತಿಲ್ಲ, ಆದುದರಿಂದ ಸಂಭಾವನಾರೂಪವಾದ ‘ಸೆಪಾ’. ‘ಬುಸ್ಕೊ ಆ ಉನ್ ಮೆದಿಕೊ ಕೆ ಸಾಬೆ ಕನ್ನಡ’ ಎಂದರೆ ಅಂಥವರೊಬ್ಬರು ಇದ್ದಾರೆ, ಅವರನ್ನು ಹುಡುಕುತ್ತಿದ್ದೇನೆ; ಆದುದರಿಂದ ‘ಆ’ ಎಂಬುದೂ ಬಂತು, ನಿಶ್ಚಯರೂಪವಾದ ‘ಸಾಬೆ’ಯೂ ಬಂತು. ಎರಡು ಬೇರೆ ಬೇರೆ ಪಾಠಗಳಲ್ಲಿ ಬಾಯಿಪಾಠ ಮಾಡಿದ ನಿಯಮಗಳು ಒಂದೇ ಅರ್ಥದ ಎರಡು ಮುಖಗಳೆಂದು ಇಲ್ಲಿ ತಿಳಿಯುತ್ತದೆ.

೬. ಗೌರವವಾಚಕಕ್ಕೆ ಪ್ರಥಮಪುರುಷವೇಕೆ?

ಎದುರಿಗಿರುವವನನ್ನು ಸಲಿಗೆಯಲ್ಲಿ ‘ತೂ’ ಎಂದೂ, ಗೌರವದಲ್ಲಿ ‘ಉಸ್ತೆದ್’ ಎಂದೂ ಕರೆಯುತ್ತಾರೆ. ಆದರೆ ಉಸ್ತೆದಿಗೆ ಬರುವ ಕ್ರಿಯಾಪದವು ‘ಅವನು’ ಎಂಬುದಕ್ಕೆ ಬರುವಂತಹುದು. ಇದಕ್ಕೆ ಕಾರಣವು ಶಬ್ದದ ಹುಟ್ಟಿನಲ್ಲಿದೆ. ‘ಬುಯೆಸ್ತ್ರಾ ಮೆರ್ಸೆದ್’, ಎಂದರೆ ‘ತಮ್ಮ ಅನುಗ್ರಹ’ ಎಂಬ ಉಪಚಾರದ ಮಾತು ಸವೆದು ಉಸ್ತೆದ್ ಆಯಿತು. ಅನುಗ್ರಹವು ಬರುತ್ತದೆ ಎನ್ನಬೇಕೇ ಹೊರತು ಬರುತ್ತೀಯೆ ಎನ್ನಲಾಗದು. ‘ಭವಾನ್ ಗಚ್ಛತಿ’ ಎಂಬಲ್ಲಿ ಭವಚ್ಛಬ್ದಕ್ಕೆ ಪ್ರಥಮಪುರುಷವು ಬರುವುದನ್ನು ಸಂಸ್ಕೃತದ ಮೊದಲ ತರಗತಿಯ ಬಾಲಕನೂ ಬಲ್ಲನು. ಬಹುವಚನದಲ್ಲಿ ಸ್ಪೇನಿನವರು ಸಲಿಗೆಗೆ ‘ಬೋಸೋತ್ರೊಸ್’ ಎಂಬುದನ್ನು ಉಳಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಎಲ್ಲರಿಗೂ ‘ಉಸ್ತೆದೆಸ್’. ಅರ್ಜೆಂಟೀನಾ ಮೊದಲಾದ ಕಡೆಗಳಲ್ಲಿ ‘ತೂ’ ಎಂಬುದರ ಸ್ಥಾನದಲ್ಲಿ ‘ಬೋಸ್’ ಎಂಬುದು ಬಳಕೆಯಲ್ಲಿದೆ.

ಈ ಶಂಕೆಯು ಸಾಹಿತ್ಯದ ಅಧ್ಯಾಪಕರಿಗೆ ವಿಶೇಷವಾಗಿ ಸಂಬಂಧಪಟ್ಟುದು. ಸೆರ್ವಾಂತೆಸನ ದೋನ್ ಕಿಹೋತೆಯು ೧೬೦೫ರಲ್ಲಿಯೂ ೧೬೧೫ರಲ್ಲಿಯೂ ಎರಡು ಭಾಗಗಳಾಗಿ ಹೊರಬಂದ ಗ್ರಂಥ. ಅದರಲ್ಲಿ ಸೇವಕನಾದ ಸಾಂಚೊ ತನ್ನ ಒಡೆಯನನ್ನು ‘ಬುಯೆಸ್ತ್ರಾ ಮೆರ್ಸೆದ್’ ಎಂದು ಸಂಬೋಧಿಸುತ್ತಾನೆ. ಇಂತಹ ಗೌರವಸೂಚಕಗಳು ಇಂಗ್ಲಿಷಿಗೆ ಬಂದಾಗ ಎಲ್ಲ ಕಡೆಯೂ ಉಳಿಯುವುದಿಲ್ಲ; ತೂ, ಉಸ್ತೆದ್, ಬೋಸ್ ಮೂರೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಾಗುತ್ತವೆ. ನಮ್ಮಲ್ಲಿ ಸ್ಪ್ಯಾನಿಷ್ ಕೃತಿಗಳ ಅನುವಾದವು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಆಗಿದೆ. ಹೀಗಾಗಿ ಅನುವಾದಕನು ನೀನು, ನೀವು, ತಾವು ಎಂಬುವುಗಳಲ್ಲಿ ಯಾವುದನ್ನು ಬರೆಯಬೇಕೆಂದು ಊಹೆಯಿಂದ ನಿರ್ಧರಿಸಬೇಕಾಗುತ್ತದೆ. ಪ್ರೇಮಿಗಳು ಯಾವ ದಿನ ಬಹುವಚನವನ್ನು ಬಿಟ್ಟರು, ಮಗನು ತಂದೆಯೊಡನೆ ಯಾವ ಮಾತಿನಲ್ಲಿ ಜಗಳವಾಡಿದನು ಎಂಬುದು ಮೂಲದಲ್ಲಿ ಬರೆದೇ ಇದೆ. ಅದನ್ನು ಹೇಳಬಲ್ಲ ಶಕ್ತಿಯೂ ಕನ್ನಡಕ್ಕಿದೆ. ನಡುವಣ ಭಾಷೆಯೊಂದರಿಂದಲೇ ಅದು ಲೋಪವಾಗುತ್ತದೆ. ಶ್ರೀಮಂತರಿಬ್ಬರ ನಡುವೆ ಬಡ ದಲ್ಲಾಳಿಯೊಬ್ಬನು ನಿಂತು ವ್ಯವಹಾರವನ್ನು ಕೆಡಿಸಿದಂತೆ ಇದು.

ಉಪಸಂಹಾರ

ಮೇಲೆ ಹೇಳಿದುದರಿಂದ ಕನ್ನಡಕ್ಕೂ ಸ್ಪ್ಯಾನಿಷಿಗೂ ಕುಲಸಂಬಂಧವಿದೆಯೆಂದು ಯಾರೂ ಭ್ರಮಿಸಬಾರದು. ಸಂಸ್ಕೃತದೊಡನೆ ಅದಕ್ಕೆ ದೂರದ ದಾಯಾದ್ಯವಿದೆ. ಕನ್ನಡದೊಡನೆ ಇರುವುದು ಸಾದೃಶ್ಯ ಮಾತ್ರ. ಸಾದೃಶ್ಯವಿಲ್ಲದ ಕಡೆಗಳೂ ಬೇಕಾದಷ್ಟಿವೆ. ಲಿಂಗವನ್ನೇ ತೆಗೆದುಕೊಂಡರೆ, ಅರ್ಥವನ್ನು ಅನುಸರಿಸುವ ಕನ್ನಡದ ಲಿಂಗವ್ಯವಸ್ಥೆಯು ಅಲ್ಲಿ ಏನೂ ಉಪಕರಿಸದು. ಕೈಯೆಂಬ ಶಬ್ದ ಸ್ತ್ರೀಲಿಂಗ, ನಕ್ಷೆಯೆಂಬುದು ಪುಲ್ಲಿಂಗ. ಹೆಂಡತಿ ಎಂಬರ್ಥಕ್ಕೆ ಭಾರ್ಯಾ, ದಾರಾಃ, ಕಲತ್ರಂ ಎಂದು ಮೂರು ಲಿಂಗಗಳನ್ನೂ ಕಲಿತ ಸಂಸ್ಕೃತವಿದ್ಯಾರ್ಥಿಗೆ ಅಲ್ಲಿ ಧೈರ್ಯ ಬರಬಹುದು, ಅಷ್ಟೇ.

ವಿಚಾರಣೀಯವಾದ ವಿಷಯ ಬೇರೆ. ಶಾಶ್ವತ, ತಾತ್ಕಾಲಿಕ, ದೀರ್ಘ, ಹ್ರಸ್ವ, ಸಂಶಯ, ನಿಶ್ಚಯ ಎಂದು ಸುಲಭವಾದ ಸುಳ್ಳುಗಳನ್ನು ಕಲಿಸಿದರೆ, ಅಪವಾದವು ಎದುರಾದಾಗ ವಿದ್ಯಾರ್ಥಿಯು ನಿಯಮವನ್ನು ಶಂಕಿಸದೆ ಭಾಷೆಯನ್ನೇ ಅವ್ಯವಸ್ಥಿತವೆಂದು ತಿಳಿಯುತ್ತಾನೆ. ಅವನಿಗೆ ತನ್ನ ಮಾತಿನ ವ್ಯವಸ್ಥೆಯನ್ನು ಮೊದಲೇ ತೋರಿಸಿದ್ದರೆ ಹಾಗಾಗುತ್ತಿರಲಿಲ್ಲ. ‘ಆಳು ಹುಡುಕು’ ‘ಆಳನ್ನು ಹುಡುಕು’ ಎಂಬ ಭೇದವನ್ನು ನಮ್ಮ ಶಾಲೆಗಳ ವ್ಯಾಕರಣಪಾಠದಲ್ಲಿ ಎಷ್ಟು ಜನ ಅಧ್ಯಾಪಕರು ಎತ್ತಿ ತೋರಿಸುತ್ತಾರೆ? ದ್ವಿತೀಯಾವಿಭಕ್ತಿಗೆ ‘ಅನ್ನು’ ಎಂದು ಪಟ್ಟಿ ಬರೆಯಿಸಿ ಮುಂದಕ್ಕೆ ಹೋಗುತ್ತಾರೆ. ಪ್ರತ್ಯಯವು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಬಾರದಿದ್ದರೆ ಅರ್ಥವೇನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕನ್ನಡದ ತರಗತಿಯಲ್ಲಿಯೇ ಕೇಳಿ ಅಭ್ಯಾಸವಾದವನು ಯಾವ ದೇಶದ ಭಾಷೆಯನ್ನು ಕಲಿಯಲು ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ. ಈ ಕಾರ್ಯವು ಭಾಷಾಧ್ಯಾಪಕರಿಗೆ ಸೇರಿದುದು. ಅವರು ಇದನ್ನು ಕೈಗೊಳ್ಳುವರೆಂದು ಆಶಿಸುತ್ತೇನೆ.